ಮೆಟ್ಟಿಲಿಲ್ಲದ ಕೈಹಿಡಿ

ಮಾರ್ಚ್ 3, ಸೋಮವಾರ

ಕೀಲಿ ಕೈಗೆ ಬಂತು. ಐದನೇ ಮಹಡಿ, ಲಿಫ್ಟಿನ ಎದುರಿನ ಫ್ಲ್ಯಾಟ್. ಒಂದು ಹಾಲ್, ಎರಡು ಮಲಗುವ ಕೋಣೆ, ನಡುವೆ ಓಡಾಡಲು ಉದ್ದನೆಯ ಒಂದು ಓಣಿ. ಇಡೀ ಕಟ್ಟಡದಲ್ಲಿ ಕೊಳ್ಳುವವರಿಗೆ ತೋರಿಸುವುದು ಇದೊಂದನ್ನೇ. ಇದನ್ನು ನೋಡಿಯೇ ಅವರು ಇನ್ನೂ ಸಿಮೆಂಟಿನ ವಾಸನೆ ಹೊಡೆಯುತ್ತಿರುವ ಉಳಿದ ಮನೆಗಳನ್ನು ಕಣ್ಣುಮುಚ್ಚಿ ಕೊಳ್ಳಬೇಕು. ತಿಂಗಳ ಕೊನೆಯ ಭಾನುವಾರ ಬಾಗಿಲು ತೆರೆಯುತ್ತಾರಂತೆ. ಅಷ್ಟರೊಳಗೆ ಈ ಬೋಳು ಗೋಡೆಗಳ ನಡುವೆ ಯಾರೋ ಸುಖವಾಗಿ ಸಂಸಾರ ಮಾಡಿಕೊಂಡಿದ್ದಾರೆ ಎಂದು ನಂಬಿಸುವುದು ನನ್ನ ಕೆಲಸ.

ಕಟ್ಟಡ ಕಟ್ಟಿಸುತ್ತಿರುವ ಕಂಪನಿಯವರು ನನ್ನನ್ನು ಕರೆದದ್ದು ಹಳೆಯ ಮರಕ್ಕಾಗಿ. ಕೆಡವಿದ ಕಟ್ಟಡಗಳ ಬಾಗಿಲು, ತೊಲೆ, ಕಿಟಕಿ ತಂದು ಮೇಜು ಕುರ್ಚಿ ಮಾಡಿಸುತ್ತೇನೆ, ಊರಿನ ಕಲಾವಿದರ ಚಿತ್ರಗಳನ್ನೇ ಗೋಡೆಗೆ ಹಾಕುತ್ತೇನೆ ಎಂದು ನನಗೊಂದು ಹೆಸರಿದೆ. ಒಪ್ಪಿಕೊಳ್ಳುವ ಉತ್ಸಾಹದಲ್ಲಿ ಇನ್ನೊಂದು ಮಾತೂ ಆಡಿ ಬಂದೆ. ಹಾಲಿನ ದೊಡ್ಡ ಗೋಡೆಯ ಮೇಲೆ, ನೆಲದಿಂದ ಸೂರಿನವರೆಗೆ, ನಮ್ಮ ಮನೆಯವರೇ ಚಿತ್ರ ಬರೆಯುತ್ತಾರೆ ಎಂದೆ. ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದ ಕೈ ಅವರದು ಎಂದೂ ಹೇಳಿದೆ. ಅವರು ಈಗ ವಾಕರ್ ಹಿಡಿದು ಓಡಾಡುತ್ತಿದ್ದಾರೆ ಎಂದು ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ತಿಂಗಳ ಕೊನೆಯ ಹೊತ್ತಿಗೆ ಇವರು ಏಣಿ ಹತ್ತಿಯೇ ಹತ್ತುತ್ತಾರೆ. ಡಾಕ್ಟರು ಹೋದ ಸಲ ಏನೇನೋ ಅಂದರು. ಎಡಗಾಲಿಗೆ ಮೊದಲಿನ ಶಕ್ತಿ ಬರುವುದಿಲ್ಲ, ಎತ್ತರದ ಕೆಲಸ ಮರೆತುಬಿಡಿ ಅಂತ. ಡಾಕ್ಟರುಗಳು ಹಾಗೇ. ಕೆಟ್ಟದ್ದನ್ನು ಮೊದಲೇ ಹೇಳಿಟ್ಟರೆ ಆಮೇಲೆ ಯಾರೂ ಜಗಳಕ್ಕೆ ಬರುವುದಿಲ್ಲವಲ್ಲ.

ಬಾಲ್ಕನಿಯಲ್ಲಿರುವ ಇವರ ಮರದ ಏಣಿಯ ಧೂಳು ಒರೆಸಿದೆ. ಇವರು ಬಿದ್ದದ್ದು ಬಟ್ಟೆ ಅಂಗಡಿಯ ಮುಂದೆ ಬೋರ್ಡು ಬರೆಯಲೆಂದು ಯಾರೋ ಕಟ್ಟಿದ್ದ ಬಿದಿರಿನ ಸಾರುವೆಯಿಂದ. ಏಣಿಯದೇನೂ ತಪ್ಪಿಲ್ಲ.

ಮಾರ್ಚ್ 5, ಬುಧವಾರ

ಮಾದರಿ ಮನೆ ಸಿಂಗರಿಸುವ ಮುಂಚೆ ನಾನು ಒಂದು ಸಂಸಾರ ಕಟ್ಟಿಕೊಳ್ಳುತ್ತೇನೆ, ಬರೀ ತಲೆಯಲ್ಲಿ. ಯಾರಿದ್ದಾರೆ, ಬೆಳಿಗ್ಗೆ ಯಾರು ಮೊದಲು ಏಳುತ್ತಾರೆ, ಚಪ್ಪಲಿ ಎಲ್ಲಿ ಬಿಡುತ್ತಾರೆ. ಇಷ್ಟು ಗೊತ್ತಾದರೆ ಸಾಮಾನು ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ. ಈ ಸಲ ಗಂಡ ಬ್ಯಾಂಕಿನಲ್ಲಿ, ಹೆಂಡತಿ ಬೆಳಿಗ್ಗೆ ಎದ್ದು ಓಡಲು ಹೋಗುವವಳು, ತಂಟೆಕೋರ ಗಂಡುಮಗು ಒಂದು. ಮಾರಾಟದ ಮೇಡಂಗೆ ಹೇಳಿದೆ. ಅವರಿಗೆ ತುಂಬ ಹಿಡಿಸಿತು, ಕೊಳ್ಳುವವರೂ ಇಂಥವರೇ ಎಂದರು. ಈ ಮೇಡಂ ಒಳ್ಳೆಯವರೇ, ಆದರೆ ಅವರ ಎತ್ತರದ ಹಿಮ್ಮಡಿಯ ಸದ್ದು ಓಣಿಯಲ್ಲಿ ಕೇಳಿದರೆ ಸಾಕು, ನನಗೆ ಶಾಲೆಯ ಇನ್‌ಸ್ಪೆಕ್ಟರು ಬಂದ ಹಾಗಾಗುತ್ತದೆ.

ಮನೆಗೆ ಆಗಾಗ ಫೋನ್ ಮಾಡಿದೆ. ಒಂದು ಸಲ ಇವರು ಎತ್ತಲಿಲ್ಲ. ಎತ್ತುವವರೆಗೂ ಮಾಡುತ್ತಲೇ ಇದ್ದೆ. ಬಚ್ಚಲಲ್ಲಿದ್ದರಂತೆ.

ಮಾರ್ಚ್ 8, ಶನಿವಾರ

ಬಡಗಿಯ ಜೊತೆ ಕೆಡವಿದ ಕಟ್ಟಡಗಳ ಸಾಮಾನು ಮಾರುವ ಅಂಗಳಕ್ಕೆ ಹೋಗಿದ್ದೆ. ನಾವಿಬ್ಬರೂ ಎಷ್ಟೋ ಕಾಲದಿಂದ ಜಗಳವಾಡುತ್ತಲೇ ಕೆಲಸ ಮಾಡಿಕೊಂಡು ಬಂದವರು. ಒಂದು ಹಳೆಯ ಶಾಲೆಯನ್ನು ಬೀಳಿಸಿದ್ದಾರೆ. ಬಾಗಿಲುಗಳು ಗಟ್ಟಿಯಾಗಿವೆ, ಊಟದ ಮೇಜಾಗುತ್ತವೆ. ಬೆಂಚುಗಳಿಂದ ಮಂಚದ ತಲೆಹಲಗೆ ಮಾಡಬಹುದು.

ಹೊರಡುವಾಗ ಗೋಡೆಗೆ ಒರಗಿಸಿಟ್ಟಿದ್ದ ಒಂದು ಉದ್ದನೆಯ ಮರ ಕಂಡಿತು. ಮೆಟ್ಟಿಲು ಹತ್ತಿ ಇಳಿಯುವಾಗ ಹಿಡಿದುಕೊಳ್ಳುತ್ತೇವಲ್ಲ, ಆ ಕೈಹಿಡಿ. ಮಕ್ಕಳ ಅಂಗೈ ಉಜ್ಜಿ ಉಜ್ಜಿ ಬೆಣ್ಣೆಯಂತೆ ನುಣುಪಾಗಿದೆ. ಸುಮ್ಮನೆ ಕೈಯಿಟ್ಟೆ, ತೆಗೆಯಲು ಮನಸ್ಸಾಗಲಿಲ್ಲ.

"ಐದನೇ ಮಹಡೀಲಿ ಮನೆಯೊಳಗೆ ಮೆಟ್ಟಿಲೆಲ್ಲಿದೆ ಅಮ್ಮಾ?" ಎಂದು ಬಡಗಿ ಕೇಳಿದರು.

ಎಲ್ಲಾದರೂ ಉಪಯೋಗಕ್ಕೆ ಬರುತ್ತೆ, ಗಾಡಿಗೆ ಹಾಕಿಸಿ ಎಂದೆ. ಅವರು ಮೂಗು ಮುರಿದು ಹಾಕಿಸಿದರು.

ಮಾರ್ಚ್ 12, ಬುಧವಾರ

ನಾದಿನಿ ಬಂದಿದ್ದಳು. ಕೈ ಬೀಸಿಕೊಂಡು ಬರಬಾರದೇ? ಬಚ್ಚಲಿಗೆ ಹಾಸುವ ರಬ್ಬರ್ ಚಾಪೆ, ಗೋಡೆಗೆ ಹಾಕುವ ಸ್ಟೀಲಿನ ಹಿಡಿಕೆ, ಕುರ್ಚಿ ಎತ್ತರಿಸುವ ಗಟ್ಟಿ ದಿಂಬು, ಆಸ್ಪತ್ರೆಯ ಅರ್ಧ ಅಂಗಡಿ ಹೊತ್ತು ತಂದಿದ್ದಾಳೆ. ಬಂದವಳೇ ಮನೆಯನ್ನೆಲ್ಲ ಅಳೆಯುವವಳ ಹಾಗೆ ನೋಡಿದಳು. ಹಾಲಿನ ಜಮಖಾನ ತೆಗೆಯಬೇಕಂತೆ. ಓಣಿಯಲ್ಲಿರುವ ನನ್ನ ಮರದ ಪೆಟ್ಟಿಗೆ ಬೇರೆಡೆ ಇಡಬೇಕಂತೆ. ಇಷ್ಟು ತಗ್ಗಾದ ಸೋಫಾದಿಂದ ಅಣ್ಣ ಹೇಗೆ ಏಳುತ್ತಾನೆ ಅಂತ ಕೇಳಿದಳು. ನಾನು ಭುಜ ಕೊಡುತ್ತೇನೆ, ಏಳುತ್ತಾರೆ ಎಂದೆ.

"ನೀವು ಇಲ್ಲದಿದ್ದಾಗ, ಅತ್ತಿಗೆ?"

"ಇನ್ನೊಂದು ತಿಂಗಳಿಗೆ ಅವರು ಓಡಾಡ್ತಾರೆ. ಅಷ್ಟಕ್ಕೋಸ್ಕರ ಮನೇನ ಆಸ್ಪತ್ರೆ ಮಾಡಲ್ಲ ನಾನು."

ಇವರು ಪೇಪರಿನಿಂದ ತಲೆಯೆತ್ತಲಿಲ್ಲ. ಪೇಪರು ಮಾತ್ರ ತಲೆಕೆಳಗಾಗಿತ್ತು. ಅವಳು ತಂದದ್ದನ್ನೆಲ್ಲ ಅಟ್ಟಕ್ಕೆ ಹಾಕಿದೆ. ಕೋಪ ಬಂದಿದೆ. ನನ್ನ ಗಂಡನ ಬಗ್ಗೆ ನನಗಿಂತ ಹೆಚ್ಚು ಕಾಳಜಿಯೇ ಇವಳಿಗೆ?

ಮಾರ್ಚ್ 14, ಶುಕ್ರವಾರ

ಫ್ಲ್ಯಾಟಿನಲ್ಲಿ ಬೆಳಿಗ್ಗೆ ಜಮಖಾನ ಹಾಸಿಸಿದೆ, ಮಧ್ಯಾಹ್ನ ತೆಗೆಸಿದೆ. ಅಂಚು ಕಾಲಿಗೆ ತೊಡರುತ್ತದೆ, ನೆಲವೂ ಚೆನ್ನಾಗಿದೆ, ಕಾಣಲಿ. ಊಟದ ಮೇಜಿನ ಮೂಲೆಗಳನ್ನು ಉರುಟು ಮಾಡಿಸಿದೆ. ಕುರ್ಚಿಗಳ ಕಾಲು ಎತ್ತರವಾಯಿತು ಎಂದು ಬಡಗಿ ಗೊಣಗಿದರು. ಹಳೆಯ ಮರಕ್ಕೆ ಸ್ವಲ್ಪ ಎತ್ತರವಿದ್ದರೇ ಗಾಂಭೀರ್ಯ, ಕೈಯೂರಲು ಅಗಲವಾದ ತೋಳುಗಳೂ ಇರಲಿ ಎಂದೆ. ಅಲಮಾರಿಯನ್ನು ಓಣಿಯಿಂದ ಕೋಣೆಯೊಳಗೆ ತಳ್ಳಿಸಿದೆ. ಓಣಿ ಈಗ ಉಸಿರಾಡುತ್ತಿದೆ.

ತಲೆಯೊಳಗಿನ ಸಂಸಾರವನ್ನೂ ಸ್ವಲ್ಪ ಬದಲಾಯಿಸಿದೆ. ಮಗುವನ್ನು ಹಾಸ್ಟೆಲಿಗೆ ಕಳಿಸಿದೆ, ಎರಡನೇ ಕೋಣೆಯಲ್ಲಿ ಅಗಲವಾದ ಒಂದು ಮೇಜು ಹಾಕಬೇಕಿತ್ತು, ಕೂತು ಕೆಲಸ ಮಾಡುವಂಥದ್ದು. ಗಂಡನಿಗೆ ವಯಸ್ಸು ಜಾಸ್ತಿ ಮಾಡಿದೆ. ಬ್ಯಾಂಕು ಬಿಡಿಸಿದೆ. ಈ ಹಳೆಯ ಮರದ ನಡುವೆ ಬ್ಯಾಂಕಿನವನು ಒಪ್ಪುತ್ತಲೇ ಇರಲಿಲ್ಲ.

ಮಾರ್ಚ್ 18, ಮಂಗಳವಾರ

ಕೈಹಿಡಿಗೆ ಜಾಗ ಸಿಕ್ಕಿತು. ಓಣಿಯ ಗೋಡೆಯ ಉದ್ದಕ್ಕೂ ಹಾಕಿಸಿದೆ, ಹಾಲಿನಿಂದ ಮಲಗುವ ಕೋಣೆಯ ಬಾಗಿಲಿನವರೆಗೆ. ಬಿಳಿ ಗೋಡೆಯ ಮೇಲೆ ಕಂದು ಬಣ್ಣದ ಒಂದೇ ಗೆರೆ. ಎಷ್ಟು ಎತ್ತರಕ್ಕೆ ಎಂದು ಬಡಗಿ ಕೇಳಿದಾಗ ಗೋಡೆಯ ಪಕ್ಕ ನಿಂತು ಕಣ್ಣಂದಾಜಿನಲ್ಲಿ ಗುರುತು ಹಾಕಿದೆ. ನನ್ನ ಕೈಗೆ ಸ್ವಲ್ಪ ಎತ್ತರವೇ ಆಯಿತು, ಆದರೂ ಕೆಳಗಿಳಿಸಲು ಮನಸ್ಸು ಬರಲಿಲ್ಲ.

ಮೇಡಂ ಬಂದು ಹುಬ್ಬೇರಿಸಿದರು. ಟವೆಲು ಒಣಹಾಕಲಿಕ್ಕಾ ಅಂತ ಕೇಳಿದರು. ಇದು ಕಲೆ ಎಂದೆ. ಕಲೆ ಅಂದರೆ ಅವರು ಸುಮ್ಮನಾಗುತ್ತಾರೆ. ಆದರೆ ಹಾಲಿನ ಖಾಲಿ ಗೋಡೆಯ ಮುಂದೆ ಸುಮ್ಮನಾಗಲಿಲ್ಲ. ನಿಮ್ಮ ಮನೆಯವರು ಯಾವಾಗ ಬರುತ್ತಾರೆ, ಬಣ್ಣ ಒಣಗಬೇಡವೇ ಎಂದರು. ಬರುತ್ತಾರೆ ಎಂದೆ.

ಇವತ್ತು ಇವರು ವಾಕರ್ ಬಿಟ್ಟು ನಿಲ್ಲಲು ನೋಡಿದರು. ನಿಲ್ಲಲಾಗಲಿಲ್ಲ.

ಮಾರ್ಚ್ 20, ಗುರುವಾರ

ಇವರು ಒಂದು ಮಾತು ಕೇಳಿದರು. ಶಾಲೆಯ ಬಾಗಿಲ ಹಲಗೆಗಳು ಇನ್ನೂ ಮಿಕ್ಕಿವೆಯೇ ಎಂದರು. ಇದ್ದರೆ ಮನೆಗೆ ಕಳಿಸು, ಮೇಜಿನ ಮೇಲೆ ಮಲಗಿಸಿಕೊಂಡು ಕೂತೇ ಬರೆಯುತ್ತೇನೆ, ಆಮೇಲೆ ಜೋಡಿಸಿ ಗೋಡೆಗೆ ಹಾಕಬಹುದು ಎಂದರು. ನಾನು ಒಪ್ಪಲಿಲ್ಲ. ಕೂತು ಬರೆಯುವುದು ಶುರುವಾದರೆ ಎದ್ದು ಬರೆಯುವುದು ಯಾವಾಗ? ಇನ್ನೂ ಹತ್ತು ದಿನ ಇದೆಯಲ್ಲ, ವ್ಯಾಯಾಮ ಮಾಡಿ ಎಂದೆ.

ಇವರು ನಕ್ಕರು. ನಗಬೇಡಿ ಎಂದು ರೇಗಿದೆ.

ಮಾರ್ಚ್ 22, ಶನಿವಾರ

ಬಿದ್ದರು.

ಮಾರ್ಚ್ 23, ಭಾನುವಾರ

ಮೂಳೆಗೆ ಏನೂ ಆಗಿಲ್ಲ. ಮೊಣಕೈ ತರಚಿದೆ, ಸೊಂಟ ನೋಯುತ್ತಿದೆ, ಅಷ್ಟೇ. ನಾನು ಫ್ಲ್ಯಾಟಿನಲ್ಲಿ ಪರದೆ ಕಟ್ಟಿಸುತ್ತಿದ್ದೆ. ಫೋನ್ ಎತ್ತಲಿಲ್ಲ, ಮತ್ತೆ ಮಾಡಿದೆ, ಎತ್ತಲಿಲ್ಲ. ಪರದೆ ಅಲ್ಲೇ ಬಿಟ್ಟು ಮನೆಗೆ ಓಡಿದೆ. ನೋಡಿದರೆ ಓಣಿಯ ಬಾಯಲ್ಲಿ, ಜಮಖಾನದ ಅಂಚಿನ ಮೇಲೆ, ಪೆಟ್ಟಿಗೆಗೆ ಒರಗಿ ಕೂತಿದ್ದರು, ಏನೂ ಆಗದವರ ಹಾಗೆ. ಕುದುರೆ ಎಡವಿತು ಎಂದರು. ವಾಕರಿಗೆ ಇವರು ಕುದುರೆ ಎಂದು ಹೆಸರಿಟ್ಟಿದ್ದಾರೆ. ಅದರ ಕಾಲು ಜಮಖಾನದ ಅಂಚಿಗೆ ಸಿಕ್ಕಿಕೊಂಡಿತ್ತು.

ಎಷ್ಟು ಹೊತ್ತಾಯಿತು ಕೂತು ಎಂದು ಕೇಳಿದೆ. ಸ್ವಲ್ಪ ಹೊತ್ತು ಎಂದರು. ಪಕ್ಕದಲ್ಲಿದ್ದ ಬೆಳಗಿನ ಟೀ ಲೋಟದಲ್ಲಿ ಇರುವೆ ಮುತ್ತಿತ್ತು.

ಜಮಖಾನವನ್ನು ಚೆನ್ನಾಗಿ ಎಳೆದು ಸರಿಯಾಗಿ ಹಾಸಿದೆ. ಇನ್ನು ಮಡಿಸಿಕೊಳ್ಳುವುದಿಲ್ಲ.

ಹಲಗೆಗಳನ್ನು ಮನೆಗೆ ತರಿಸಿದೆ. ಬೇರೆ ದಾರಿಯಿಲ್ಲ, ದಿನಗಳಿಲ್ಲ. ಇದೊಂದು ಸಲ ಕೂತು ಬರೆಯಲಿ.

ಮಾರ್ಚ್ 26, ಬುಧವಾರ

ಚಿತ್ರ ಮುಗಿಯಿತು. ಇವರ ಪಕ್ಕದಲ್ಲಿ ಡಬ್ಬಗಳನ್ನು ತೊಳೆದುಕೊಡುತ್ತಾ ನೋಡಿದೆ. ಏಣಿಯ ಮೇಲಿನಿಂದ ಕಂಡ ಬೀದಿ. ಮೇಲಿನಿಂದ ಕಾಣುವ ತಲೆಗಳು, ಬೋಳು ತಲೆ, ಜಡೆ, ಬುಟ್ಟಿ ಹೊತ್ತ ತಲೆ, ಹಳದಿ ಕೊಡೆ ಒಂದು. ತಂತಿಯ ಮೇಲೆ ಪಾರಿವಾಳಗಳು, ಅವುಗಳ ಬೆನ್ನು ಕಾಣುತ್ತದೆ. ಇಷ್ಟು ವರ್ಷ ಬೋರ್ಡು ಬರೆಯುತ್ತಾ ಮಧ್ಯೆ ಮಧ್ಯೆ ತಿರುಗಿ ಇದನ್ನೆಲ್ಲ ನೋಡುತ್ತಿದ್ದರಂತೆ. ನನಗೆ ಒಂದು ದಿನವೂ ಹೇಳಿರಲಿಲ್ಲ. ಎಷ್ಟು ದಿನವಾಯಿತೋ ಇವರು ಶಿಳ್ಳೆ ಹಾಕಿ. ಇವತ್ತು ಹಾಕಿದರು.

ಚೆನ್ನಾಗಿದೆ ಎಂದೆ. ಬಹಳ ಚೆನ್ನಾಗಿದೆ. ಮತ್ತೆ ಏಣಿ ಹತ್ತಿದಾಗ ಇನ್ನೂ ದೊಡ್ಡದು ಬರೆಯಬಹುದು ಎಂದೂ ಅಂದೆ. ಶಿಳ್ಳೆ ನಿಂತಿತು.

ಮಾರ್ಚ್ 28, ಶುಕ್ರವಾರ

ಕೆಟ್ಟ ದಿನ. ನಿನ್ನೆ ಹಲಗೆಗಳನ್ನು ಲಿಫ್ಟಿನಲ್ಲಿ ತರುವಾಗ ಹಳದಿ ಕೊಡೆಗೆ ಉದ್ದಕ್ಕೆ ಗೀರು ಬಿತ್ತು. ಅದನ್ನು ನೋಡಿಕೊಂಡು ತಲೆ ಕೆಟ್ಟು ನಿಂತಿರುವಾಗಲೇ ಕಂಪನಿಯ ಯಜಮಾನರು ಬಂದರು, ಹಿಂದೆ ಮೇಡಂ.

ಯಜಮಾನರು ಜೋರಾಗಿ ಮಾತಾಡುವವರಲ್ಲ. ಜೋರಾಗಿ ಮಾತಾಡಿದ್ದರೆ ನಾನೂ ಜೋರು ಮಾಡಬಹುದಿತ್ತು. ಮೇಜು ಚೆನ್ನಾಗಿದೆ, ಮಂಚ ಚೆನ್ನಾಗಿದೆ, ಚಿತ್ರವಂತೂ ಬಹಳ ಚೆನ್ನಾಗಿದೆ ಎಂದರು. ಆದರೆ ಯಾಕೆ ಇಷ್ಟು ಕೆಳಗೆ ಹಾಕಿದ್ದೀರಿ, ನಿಂತು ನೋಡುವವರು ಬಗ್ಗಬೇಕಲ್ಲ ಎಂದರು. ನೋಡಿದೆ. ಹೌದು. ಮನೆಯ ಎಲ್ಲ ಚಿತ್ರಗಳನ್ನೂ ಕೂತವರ ಕಣ್ಣಿನ ಮಟ್ಟಕ್ಕೆ ಹಾಕಿಸಿದ್ದೇನೆ. ಹೇಗಾಯಿತೋ ಗೊತ್ತಿಲ್ಲ, ಮೊಳೆ ಹೊಡೆಸುವಾಗ ಸರಿಯಾಗಿಯೇ ಕಂಡಿತ್ತು. ಆಮೇಲೆ ಅವರು ಓಣಿಗೆ ಹೋಗಿ ಕೈಹಿಡಿಯನ್ನು ಬೆರಳಿನಿಂದ ತಟ್ಟಿದರು.

"ಇದನ್ನ ತೆಗೆಸಿಬಿಡಿ. ನೋಡಿದ್ರೆ ಮನೇಲಿ ಯಾರಿಗೋ ಹುಷಾರಿಲ್ಲ ಅನ್ಸುತ್ತೆ. ಹೊಸ ಮನೆ ತಗೊಳೋರಿಗೆ ಆ ಯೋಚನೆ ಬರಬಾರದು."

ಜಮಖಾನ ಹಾಸಬೇಕು, ಚಿತ್ರ ಮೇಲೇರಿಸಬೇಕು, ಕೈಹಿಡಿ ಹೋಗಬೇಕು. ನಾಳೆ ಸಂಜೆಯೊಳಗೆ. ಆಗಲಿ ಎಂದೆ. ಯಾರಿಗೋ ಹುಷಾರಿಲ್ಲ ಎನ್ನುವಂಥದ್ದೇನಿದೆ ಅದರಲ್ಲಿ? ಒಂದು ಹಳೆಯ ಮರ.

ಗೀರು ಬಿದ್ದ ವಿಷಯ ಇವರಿಗೆ ಹೇಳಿದೆ. ನಾನೇ ಬಂದು ಸರಿಮಾಡುತ್ತೇನೆ ಎಂದರು. ಬೇಡವೇ ಬೇಡ ಎಂದೆ. ಆ ಹಳದಿ ನಿನಗೆ ಕಲಸಲು ಬರುವುದಿಲ್ಲ ಎಂದವರೇ ತಂಗಿಗೆ ಫೋನ್ ಮಾಡೇಬಿಟ್ಟರು.

ಮಾರ್ಚ್ 29, ಶನಿವಾರ

ನಾದಿನಿ ಕಾರಿನಲ್ಲಿ ಕರೆತಂದಳು. ಸಾರುವೆಯಿಂದ ಬಿದ್ದ ಮೇಲೆ ಇವರು ಆಸ್ಪತ್ರೆಗಲ್ಲದೆ ಇನ್ನೊಂದು ಕಡೆಗೆ ಹೊರಟಿದ್ದು ಇದೇ ಮೊದಲು. ಲಿಫ್ಟಿನ ಬಾಗಿಲು ತೆರೆದಾಗ ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಮುಂದೆ ಕುದುರೆ. ನಾನು ಎರಡೂ ಕೈ ಚಾಚಿಕೊಂಡು ಹಿಂದೆಯೇ ಹೋದೆ. ಕೋಳಿ ಹಿಡಿಯುವವಳ ಹಾಗೆ ಬರಬೇಡ ಎಂದರು.

ಒಳಗೆ ಬಂದರು. ಮೇಜನ್ನು ಬಳಸಿ ಹೋದರು. ಕುರ್ಚಿಗಳ ನಡುವೆ ಹಾದರು. ನನಗೆ ಏನೋ ಸರಿಯಿಲ್ಲ ಅನಿಸಿತು, ಏನೆಂದು ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು, ಸದ್ದಿಲ್ಲ. ನಮ್ಮ ಮನೆಯಲ್ಲಿ ಇವರು ನಡೆದರೆ ಪೆಟ್ಟಿಗೆಗೆ ಠಣ್, ಸೋಫಾದ ಕಾಲಿಗೆ ಠಣ್, ಹೊಸ್ತಿಲಿಗೆ ಠಣ್. ಆ ಠಣ್‌ಗೆಲ್ಲ ನಾನು ಬೆಚ್ಚುತ್ತೇನೆ. ಇಲ್ಲಿ ಇಡೀ ಹಾಲ್ ಸುತ್ತಿದರೂ ಒಂದು ಸದ್ದಿಲ್ಲ.

ಕುರ್ಚಿ ಎಳೆದುಕೊಂಡು ಚಿತ್ರದ ಮುಂದೆ ಕೂತರು. ಚಿತ್ರ ಇನ್ನೂ ಕೆಳಗೇ ಇತ್ತು, ಕೈಗೆ ಸರಿಯಾಗಿ ಸಿಕ್ಕಿತು. ಹಳದಿ ಕಲಸಿ ಕೊಡೆಯ ಗೀರು ಮುಚ್ಚಿದರು. ಮುಗಿದ ಮೇಲೆ ನಾನು ಭುಜ ಕೊಡಲು ಹತ್ತಿರ ಹೋಗುವಷ್ಟರಲ್ಲಿ ಕುರ್ಚಿಯ ತೋಳುಗಳ ಮೇಲೆ ಕೈಯೂರಿ ಎದ್ದು ನಿಂತಿದ್ದರು. ತಾವೇ. ನಾದಿನಿ ನನ್ನ ಮುಖ ನೋಡಿದಳು. ನಾನು ಕಿಟಕಿಯ ಪರದೆ ಸರಿಮಾಡಿದೆ.

ಓಣಿಯ ಬಾಯಲ್ಲಿ ಇವರು ಬಹಳ ಹೊತ್ತು ನಿಂತರು. ಕೈಹಿಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಲ್ಲೇ ಅಳೆದರು. ವಾಕರನ್ನು ಪಕ್ಕಕ್ಕೆ ತಳ್ಳಿದರು. ಇವರ ಅಂಗೈ ಮರದ ಮೇಲೆ ಕೂತಿತು. ಮೊಣಕೈ ಎಷ್ಟು ಬಾಗಬೇಕೋ ಅಷ್ಟೇ ಬಾಗಿತು, ಹೆಚ್ಚಿಲ್ಲ, ಕಮ್ಮಿಯಿಲ್ಲ. ಒಂದೊಂದೇ ಹೆಜ್ಜೆ, ಎಡಗಾಲು ಎಳೆಯುತ್ತಾ, ಕೊನೆಯ ಬಾಗಿಲಿನವರೆಗೆ ಹೋಗಿ ತಿರುಗಿ ವಾಪಸು ಬಂದರು. ಬೆವೆತಿದ್ದರು.

"ಈ ಮನೇಲಿ ಯಾರಿದ್ದಾರೆ ಅಂತ ಕಥೆ ಕಟ್ಟಿದ್ದೆ?" ಎಂದು ಕೇಳಿದರು. ನನ್ನ ಅಭ್ಯಾಸ ಇವರಿಗೆ ಗೊತ್ತು.

ಗಂಡ ಹೆಂಡತಿ ಎಂದೆ. ಗಂಡ ಮೊದಲು ಬ್ಯಾಂಕಿನಲ್ಲಿದ್ದ ಎಂದೆ.

"ಅವನಿಗೆ ಕಾಲು ಸರಿಯಿಲ್ಲ, ಅಲ್ವಾ?"

ನಾನು ಕೈಹಿಡಿಯ ಮೇಲೆ ಇಲ್ಲದ ಧೂಳು ಒರೆಸಿದೆ.

"ಅವನಿಗೆ ಇಷ್ಟೆಲ್ಲ ಮಾಡಿಕೊಟ್ಟಿದ್ದೀಯ. ನನಗ್ಯಾಕೆ ಮಾಡ್ಲಿಲ್ಲ?"

ಕೋಪದಿಂದ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದರು. ಮಲಗುವ ಕೋಣೆಗೆ ಹೋಗಿ, ಯಾರೂ ಮಲಗದ ಆ ಮಂಚದ ತುದಿಯಲ್ಲಿ ಕೂತು ಅತ್ತೆ. ನಾದಿನಿ ಬಂದು ಪಕ್ಕದಲ್ಲಿ ಕೂತಳು. ನಾನು ಅಟ್ಟಕ್ಕೆ ಹಾಕಿದ್ದ ಅವಳ ಸಾಮಾನುಗಳ ಬಗ್ಗೆ ಅವಳು ಒಂದು ಮಾತೂ ಎತ್ತಲಿಲ್ಲ.

ಸಂಜೆ ಬಡಗಿ ಬಂದು ಕೈಹಿಡಿ ಬಿಚ್ಚಿದರು. ಒಂದು ತುದಿ ನಾನು ಹಿಡಿದೆ. ಚಿತ್ರ ಮೇಲೇರಿತು, ಜಮಖಾನ ಬಿತ್ತು. ಬೇಡವಾದ ಮರ ಏನು ಮಾಡಲಿ ಎಂದು ಮೇಡಂ ಅನ್ನು ಕೇಳಿದೆ. ನೀವೇ ತಗೊಂಡು ಹೋಗಿ ಎಂದರು.

ಮಾರ್ಚ್ 30, ಭಾನುವಾರ

ಬಾಗಿಲು ತೆರೆಯಿತು. ತುಂಬ ಜನ. ಹಳದಿ ಕೊಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಬರೆದವರು ಯಾರು, ಇಂಥದ್ದೇ ಬರೆದುಕೊಡುತ್ತಾರಾ ಎಂದು ಇಬ್ಬರು ಕೇಳಿದರು. ಬರೆದುಕೊಡುತ್ತಾರೆ, ಹಲಗೆಯ ಮೇಲೆ, ಮೇಜಿನ ಮುಂದೆ ಕೂತು ಬರೆಯುತ್ತಾರೆ ಎಂದೆ.

ಮಗನ ಜೊತೆ ಬಂದಿದ್ದ ಒಬ್ಬ ಅಜ್ಜಿ ಜಮಖಾನದ ಅಂಚಿನಲ್ಲಿ ಸ್ವಲ್ಪ ತಡವರಿಸಿ, ಓಣಿಯ ಬೋಳು ಗೋಡೆಗೆ ಅಂಗೈ ಒತ್ತಿಕೊಂಡು ನಡೆದರು. ಓಡಿಹೋಗಿ ಕೈ ಕೊಟ್ಟೆ. ಮನೆ ಚೆನ್ನಾಗಿದೆ ಕಣಮ್ಮಾ, ಹಿಡ್ಕೊಳ್ಳೋಕೆ ಮಾತ್ರ ಏನೂ ಇಲ್ಲ ಎಂದರು.

ಏಪ್ರಿಲ್ 6, ಭಾನುವಾರ

ಜಮಖಾನವನ್ನು ಸುತ್ತಿ ಅಟ್ಟಕ್ಕೆ ಹಾಕಿದೆ. ಅಟ್ಟದಲ್ಲಿದ್ದ ರಬ್ಬರ್ ಚಾಪೆ ಕೆಳಗಿಳಿಯಿತು. ಪೆಟ್ಟಿಗೆ ನಾದಿನಿಯ ಮನೆಗೆ ಹೋಯಿತು, ಅವಳು ಮೊದಲಿನಿಂದಲೂ ಅದರ ಮೇಲೆ ಕಣ್ಣಿಟ್ಟಿದ್ದಳು ಎಂದು ಇವರು ಕಾಲೆಳೆದರು.

ಬಡಗಿ ಬೆಳಿಗ್ಗೆಯೇ ಕೈಹಿಡಿ ಹೊತ್ತು ಬಂದರು. ಗೋಡೆಯ ಮೇಲೆ ಗುರುತು ಹಾಕಲು ಈ ಸಲ ನಾನು ನಿಲ್ಲಲಿಲ್ಲ. ಇವರನ್ನೇ ನಿಲ್ಲಿಸಿದೆ. ಆದರೆ ಮರವನ್ನು ಗೋಡೆಗೆ ಕೂರಿಸುವ ಹಿತ್ತಾಳೆ ಕೊಂಡಿಗಳು ಕಂಪನಿಯವು, ಅಲ್ಲೇ ಬಿಟ್ಟು ಬಂದಿದ್ದೆವು. ಮರದ್ದೇ ಮಾಡಬಹುದು, ಒಳ್ಳೆ ಹಣ್ಣಾದ ಗಟ್ಟಿ ಮರದ ತುಂಡು ಬೇಕು, ಈ ಭಾರ ತಡೆಯುವಂಥದ್ದು, ನಾಳೆ ತರುತ್ತೇನೆ ಎಂದರು ಬಡಗಿ.

ನಾಳೆಯವರೆಗೆ ಯಾಕೆ ಎಂದು ಬಾಲ್ಕನಿಗೆ ಹೋದೆ. ಏಣಿಯ ಮೇಲೆ ಧೂಳು ಕೂತಿತ್ತು. ಈ ತಿಂಗಳು ಒರೆಸಿರಲಿಲ್ಲ, ಈಗ ಒರೆಸಿದೆ. ಎತ್ತಿಕೊಂಡು ಬಂದು ಹಾಲಿನ ನಡುವೆ ಮಲಗಿಸಿದೆ. ಬಡಗಿ ನನ್ನನ್ನು ನೋಡಿದರು, ಆಮೇಲೆ ಇವರನ್ನು. ಇವರು ಬಗ್ಗಿ ಅದರ ಒಂದು ಮೆಟ್ಟಿಲನ್ನು ಮುಟ್ಟಿದರು. ಇವರ ಪಾದಗಳೇ ಸವೆಸಿದ ಜಾಗ ಅದು.

"ಕೊಯ್ಯಿ," ಎಂದರು ಬಡಗಿಗೆ. "ಮೇಲಿನ ಮೆಟ್ಟಿಲು ಮಾತ್ರ ನನ್ನ ಮೇಜಿನ ಹತ್ರ ಬಿಡು, ಬ್ರಷ್ ಇಟ್ಕೊಳ್ತೀನಿ."

ಗರಗಸದ ಸದ್ದು ಶುರುವಾದಾಗ ನಾನು ಅಡುಗೆಮನೆಗೆ ಹೋಗಿ ಟೀ ಪಾತ್ರೆ ಹಿಡಿದು ನಿಂತುಬಿಟ್ಟೆ. ಒಲೆ ಹಚ್ಚಲು ಮರೆತಿದ್ದೆ. ಹೊರಗಿನಿಂದ ಇವರು ಕರೆದರು, ಬಾ ಇಲ್ಲಿ, ಒಂದು ತುದಿ ಹಿಡಿ ಅಂತ. ಹೋಗಿ ಹಿಡಿದೆ.